ಬಿಳಿ ಅಂಚು ಕತ್ತರಿಸಿದ ಚಿತ್ರ: ದಾವಣಗೆರೆಯ ಚಿತ್ರ ಲೈಬ್ರರಿಯ ಒಂದು ಪ್ರಕರಣ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ, ಒಂದು ಮನೆಯ ಮುಂದಿನ ಕೋಣೆಯಿಂದ ನಾವು ಕೆಲವರು ಚಿತ್ರಗಳನ್ನು ಎರವಲು ಕೊಡುತ್ತೇವೆ. ಸದಸ್ಯರಾಗಿ, ನಿಮ್ಮ ಮನೆ ಗೋಡೆಗೆ ಒಂದು ಚಿತ್ರ ಆರಿಸಿಕೊಂಡು ಹೋಗಿ, ಮೂರು ತಿಂಗಳು ಇಟ್ಟುಕೊಂಡು ವಾಪಸ್ ತನ್ನಿ, ಇಷ್ಟವಾದರೆ ಇನ್ನೊಂದು ಒಯ್ಯಿರಿ. ಅಷ್ಟೇ. ಬೋರ್ಡ್ ಇಲ್ಲ, ಸಂಘದ ನೋಂದಣಿ ಇಲ್ಲ. ಚಿತ್ರಗಳು ನಮ್ಮವೂ ಅಲ್ಲ. ಊರಿನ, ಹರಿಹರದ, ಚಿತ್ರದುರ್ಗದ ಕಲಾವಿದರು ಕೊಟ್ಟಿಟ್ಟವು, ಮಾಲೀಕರು ಅವರೇ. ನಾನು ಅಲ್ಲಿ ರಿಜಿಸ್ಟರ್ ಬರೆಯುವವನು. ಹೀಗೆ ಒಬ್ಬ ಸದಸ್ಯರು ಒಯ್ದ ಚಿತ್ರದ ಬಿಳಿ ಅಂಚನ್ನು ಫ್ರೇಮ್ ಅಂಗಡಿಯಲ್ಲಿ ಕತ್ತರಿಸಿದ್ದು, ಅದರಿಂದ ಎದ್ದ ಜಗಳ, ಇದು ಆ ಪ್ರಕರಣ.

ಇಂಥದ್ದೊಂದು ಬೇಕಾ ಅಂತ ಶುರುವಿನಲ್ಲಿ ಬಹಳ ಜನ ಕೇಳಿದರು. ಬೇಕು. ದಾವಣಗೆರೆಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯ ಇದೆ, ಎಷ್ಟೋ ವರ್ಷಗಳಿಂದ ಅಲ್ಲಿಂದ ಓದಿ ಹೊರಬಂದ ಕಲಾವಿದರು ಊರ ತುಂಬ ಇದ್ದಾರೆ. ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರು, ಫ್ಲೆಕ್ಸ್ ಡಿಸೈನ್ ಮಾಡುವವರು, ಮದುವೆ ಸ್ಟೇಜ್ ಮಾಡುವವರು. ಅವರ ವರ್ಕ್‌ಗಳೆಲ್ಲ ಎಲ್ಲಿವೆ ಅಂದರೆ ಮಂಚದ ಕೆಳಗೆ, ಬೀರುವಿನ ಮೇಲೆ. ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಒಂದಷ್ಟು ಕಟ್ಟಿಕೊಂಡು ಹೋಗುತ್ತಾರೆ, ಮಾರಾಟವಾಗದಿದ್ದರೆ ಅವು ಮತ್ತೆ ಮಂಚದ ಕೆಳಗೇ ಸೇರುತ್ತವೆ. ಇನ್ನೊಂದು ಕಡೆ ವಿದ್ಯಾನಗರದಲ್ಲೋ ಶಾಮನೂರು ರಸ್ತೆಯಲ್ಲೋ ಹೊಸ ಮನೆ ಕಟ್ಟಿದವರು ಗೋಡೆಗೆ ಏನು ಹಾಕಬೇಕು ಅಂತ ಗೊತ್ತಾಗದೆ ಆನ್‌ಲೈನ್‌ನಲ್ಲಿ ಓಡುವ ಏಳು ಕುದುರೆಗಳ ಪ್ರಿಂಟ್ ತರಿಸುತ್ತಾರೆ. ಕೊಂಡುಕೊಳ್ಳಲು ಹಿಂಜರಿಯುವವರು ಮೂರು ತಿಂಗಳ ಮಟ್ಟಿಗೆ ಒಯ್ಯಲು ಹಿಂಜರಿಯುವುದಿಲ್ಲ.

ನಾವೇ ಮೊದಲೇನಲ್ಲ. ಅಮೆರಿಕದ ಓಬರ್ಲಿನ್ ಕಾಲೇಜಿನ ಮ್ಯೂಸಿಯಂ 1940ರಿಂದ ವಿದ್ಯಾರ್ಥಿಗಳಿಗೆ ಚಿತ್ರ ಬಾಡಿಗೆಗೆ ಕೊಡುತ್ತಿದೆ. ಒಂದು ಸೆಮಿಸ್ಟರ್‌ಗೆ ಕೆಲವೇ ಡಾಲರ್, ಅದರಲ್ಲಿ ಪಿಕಾಸೊ ಕೂಡ ಸಿಗುತ್ತದೆ, ಹಾಸ್ಟೆಲ್ ರೂಮಿನಲ್ಲಿ ನೇತುಹಾಕಿಕೊಳ್ಳಬಹುದು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪೀಟರ್ ಕೋಯ್‌ಸ್ತ್ರಾ ಅನ್ನುವ ಕಲಾವಿದ 1955ರಲ್ಲಿ ಈ ಕೆಲಸ ಶುರು ಮಾಡಿದ. ಮಿನಿಯಾಪೊಲಿಸ್ ನಗರದಲ್ಲಿ 2013ರಿಂದ ನಡೆಯುತ್ತಿರುವ ಚಿತ್ರ ಲೈಬ್ರರಿ ಮೂರು ತಿಂಗಳಿಗೆ ಉಚಿತವಾಗಿ ಕೊಡುತ್ತದೆ. ನಮ್ಮ ಮೂರು ತಿಂಗಳ ಅವಧಿ ಅಲ್ಲಿಂದ ಎತ್ತಿಕೊಂಡದ್ದೇ. ಇವೆಲ್ಲ ಒಂದೇ ಜಾತಿಯವಲ್ಲ ಅನ್ನುವುದನ್ನು ಮಾತ್ರ ಗಮನಿಸಿ. ಓಬರ್ಲಿನ್‌ನಲ್ಲಿ ಚಿತ್ರ ಮ್ಯೂಸಿಯಂನ ಸ್ವತ್ತು, ಹಾಳಾದರೆ ಸಂಸ್ಥೆಗೆ ನಷ್ಟ, ಸಂಸ್ಥೆ ತಡೆದುಕೊಳ್ಳುತ್ತದೆ. ನಮ್ಮಲ್ಲಿ ಚಿತ್ರದ ಒಡತಿ ಬೆಳಿಗ್ಗೆ ಎಂಟಕ್ಕೆ ಸಿಟಿ ಬಸ್ ಹಿಡಿದು ಶಾಲೆಗೆ ಹೋಗುವ ಒಬ್ಬ ಮನುಷ್ಯಳು. ಈ ಪ್ರಕರಣದಲ್ಲಿ ಆದದ್ದೆಲ್ಲ ಈ ವ್ಯತ್ಯಾಸದಿಂದಲೇ.

ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ, ನಾವೆಲ್ಲ ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಹೋಗುತ್ತದೆ. ಅದರಲ್ಲಿ ಒಂದು ಪುಡಿಗಾಸು ಚಿತ್ರಗಳಿಗೂ ಬಂದರೆ ಅಂತ ನಮ್ಮಲ್ಲೊಬ್ಬರು ಆಗಾಗ ಆಸೆ ಪಡುತ್ತಾರೆ. ಸದ್ಯಕ್ಕೆ ನಮ್ಮ ಬಂಡವಾಳ ಸದಸ್ಯತ್ವದ ಹಣ, ಪ್ರತಿ ಎರವಲಿಗೆ 500 ರೂಪಾಯಿ ಠೇವಣಿ, ಆ ಕೋಣೆ ಕೊಟ್ಟವರ ಒಳ್ಳೆತನ.

ಚಿತ್ರ ಯಾವುದು

ಪ್ರಕರಣದ ಚಿತ್ರ ಒಂದು ಲಿನೊಕಟ್, ಅಂದರೆ ಕೆತ್ತಿ ಅಚ್ಚೊತ್ತಿದ ಚಿತ್ರ. ಮಂಡಕ್ಕಿ ಭಟ್ಟಿಯ ಒಳಗಿನ ದೃಶ್ಯ. ದಾವಣಗೆರೆಯವರಿಗೆ ಭಟ್ಟಿ ಅಂದರೆ ಬಿಡಿಸಿ ಹೇಳಬೇಕಿಲ್ಲ. ಕಾದ ಮರಳು, ಹೊಗೆ, ಕಪ್ಪಾದ ಗೋಡೆ, ಬಾಣಲೆಯ ಮುಂದೆ ನಿಂತ ಇಬ್ಬರು. ಬಣ್ಣವಿಲ್ಲ, ಬರೀ ಕಪ್ಪು ಬಿಳುಪು. ಮಂಡಕ್ಕಿ ಸಿಡಿಯುವ ಜಾಗದಲ್ಲಿ ಮಾತ್ರ ಲಿನೋಲಿಯಂ ಅನ್ನುವ ನೆಲಹಾಸಿನ ಹಾಳೆಯನ್ನು ಸಣ್ಣ ಸಣ್ಣದಾಗಿ ಕೆತ್ತಿ ಬಿಳಿ ಚುಕ್ಕೆಗಳನ್ನು ಎಬ್ಬಿಸಿದ್ದಾರೆ. ನೋಡಿದರೆ ಬೆವರು ಬರುವ ಹಾಗಿದೆ. ಮಾಡಿದವರು ಹರಿಹರದ ಕಡೆಯ ಕಲಾವಿದೆ, ಖಾಸಗಿ ಶಾಲೆಯೊಂದರಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಾರೆ, ಪ್ರಿಂಟ್‌ಮೇಕಿಂಗ್ ಕಲಿತದ್ದು ಬೆಂಗಳೂರಿನಲ್ಲಿ.

ಲಿನೊಕಟ್ ಬಗ್ಗೆ ಸ್ವಲ್ಪ ಹೇಳದಿದ್ದರೆ ಮುಂದಿನ ಜಗಳ ಅರ್ಥವಾಗುವುದಿಲ್ಲ. ಲಿನೋಲಿಯಂ ಹಾಳೆಯ ಮೇಲೆ ಬೇಡದ ಭಾಗವನ್ನು ಉಳಿಯಿಂದ ಕೆತ್ತಿ ತೆಗೆಯುತ್ತಾರೆ. ಉಳಿದ ಉಬ್ಬಿನ ಮೇಲೆ ರೋಲರ್‌ನಿಂದ ಇಂಕ್ ಹಚ್ಚಿ, ಕಾಗದ ಇಟ್ಟು ಒತ್ತುತ್ತಾರೆ. ಹೀಗೆ ಎಷ್ಟು ಪ್ರತಿ ತೆಗೆಯಬೇಕು ಅಂತ ಕಲಾವಿದರು ಮೊದಲೇ ತೀರ್ಮಾನಿಸುತ್ತಾರೆ, ಅದಕ್ಕೆ ಎಡಿಷನ್ ಅನ್ನುತ್ತಾರೆ. ಇವರದ್ದು ಹತ್ತು ಪ್ರತಿಗಳ ಎಡಿಷನ್. ಚಿತ್ರದ ಕೆಳಗಿನ ಬಿಳಿ ಅಂಚಿನಲ್ಲಿ ಎಡಕ್ಕೆ ‘3/10’ ಅಂತ, ಮಧ್ಯೆ ಶೀರ್ಷಿಕೆ, ಬಲಕ್ಕೆ ಸಹಿ. ಎಲ್ಲ ಪೆನ್ಸಿಲ್‌ನಲ್ಲಿ. ಪೆನ್ ಯಾಕಲ್ಲ ಅಂದರೆ ಪೆನ್ಸಿಲ್ಲಿನ ಗ್ರಾಫೈಟ್ ಬೆಳಕಿಗೆ ಮಾಸುವುದಿಲ್ಲ, ಕಾಗದದ ಮೇಲೆ ಕೈಯ ಒತ್ತಡವೂ ಉಳಿಯುತ್ತದೆ, ಮೆಷಿನ್‌ನಲ್ಲಿ ಅಚ್ಚು ಹಾಕಿದ್ದಾ ಕೈಯಲ್ಲಿ ಬರೆದದ್ದಾ ಅನ್ನುವುದು ತಿಳಿಯುತ್ತದೆ. ಹತ್ತು ತೆಗೆದ ಮೇಲೆ ಬ್ಲಾಕ್‌ಗೆ, ಅಂದರೆ ಆ ಕೆತ್ತಿದ ಲಿನೋಲಿಯಂಗೆ, ಅಡ್ಡ ಗೀರು ಎಳೆದು ರದ್ದು ಮಾಡುತ್ತಾರೆ, ಹನ್ನೊಂದನೆಯದು ಬರಬಾರದು ಅಂತ. ಇದಲ್ಲದೆ ಒಂದೋ ಎರಡೋ ಪ್ರತಿಯನ್ನು ಕಲಾವಿದರು ತಮಗೆ ಅಂತ ಇಟ್ಟುಕೊಳ್ಳುತ್ತಾರೆ, ಅದು ಆರ್ಟಿಸ್ಟ್ ಪ್ರೂಫ್.

ಅಂದರೆ ನಮ್ಮ ಕಣ್ಣಿಗೆ ಖಾಲಿ ಕಾಣುವ ಆ ಅಂಚಿನಲ್ಲೇ ಚಿತ್ರದ ಜಾತಕ ಇರುತ್ತದೆ. ಇವರ ಚಿತ್ರದ ಅಳತೆ 12 ಇಂಟು 16 ಇಂಚು, ಕಾಗದ ಅದಕ್ಕಿಂತ ಸುತ್ತಲೂ ಎರಡೆರಡು ಇಂಚು ಜಾಸ್ತಿ. ಈ 12 ಇಂಟು 16 ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಫ್ರೇಮ್ ಅಂಗಡಿಗಳಲ್ಲಿ ರೆಡಿ ಸಿಗುವ ಸೈಜುಗಳಲ್ಲಿ ಅದೂ ಒಂದು.

ಆದದ್ದು ಏನು

ಚಿತ್ರವನ್ನು ಒಯ್ದವರು ವಿದ್ಯಾನಗರದ ಒಬ್ಬ ನಿವೃತ್ತ ನೌಕರರು. ಅವರು ಬೆಳೆದದ್ದು ಹಳೇ ದಾವಣಗೆರೆಯಲ್ಲಿ, ಭಟ್ಟಿಗಳ ಹತ್ತಿರ. ಕೋಣೆಗೆ ಬಂದವರೇ ಬೇರೆ ಯಾವ ಚಿತ್ರವನ್ನೂ ನೋಡಲಿಲ್ಲ, ಇದರ ಮುಂದೆ ನಿಂತು ‘ಇದು ಬೇಕು’ ಅಂದರು. ಮೂರು ತಿಂಗಳಾದ ಮೇಲೆ ಅವಧಿ ಮುಂದುವರಿಸಿಕೊಂಡರು. ನಮ್ಮ ಅತ್ಯುತ್ತಮ ಸದಸ್ಯರು ಯಾರು ಅಂತ ಆಗ ಕೇಳಿದ್ದರೆ ಅವರ ಹೆಸರನ್ನೇ ಹೇಳುತ್ತಿದ್ದೆವು.

ಮುಂಗಾರು ಶುರುವಿನ ಗಾಳಿಗೆ ಕಿಟಕಿ ಬಡಿದು ಚಿತ್ರ ಕೆಳಗೆ ಬಿತ್ತು. ಗಾಜು ಒಡೆಯಿತು, ಫ್ರೇಮಿನ ಒಂದು ಮೂಲೆ ಬಿಟ್ಟುಕೊಂಡಿತು, ಚಿತ್ರಕ್ಕೆ ಏನೂ ಆಗಲಿಲ್ಲ. ಅವರಿಗೆ ಬಹಳ ನಾಚಿಕೆಯಾಯಿತು. ಬೇರೆಯವರ ವಸ್ತು, ಒಡೆದು ಹೇಗೆ ವಾಪಸ್ ಕೊಡುವುದು? ನಮಗೆ ಫೋನ್ ಮಾಡಲಿಲ್ಲ. ಚಿತ್ರವನ್ನು ಪೇಪರಿನಲ್ಲಿ ಸುತ್ತಿಕೊಂಡು ಪೇಟೆಯ ಒಂದು ಫ್ರೇಮ್ ಅಂಗಡಿಗೆ ಹೋದರು. ತಮ್ಮ ಕೈಯಿಂದ ದುಡ್ಡು ಹಾಕಿ, ಮೊದಲಿಗಿಂತ ಚೆನ್ನಾಗಿರಲಿ ಅಂತ ಚಿನ್ನದ ಬಣ್ಣದ ಪಟ್ಟಿ ಆರಿಸಿದರು.

ಅಂಗಡಿಯವರು ಅಳತೆ ನೋಡಿದರು. ಚಿತ್ರ ರೆಡಿ ಫ್ರೇಮಿಗೆ ಸರಿಹೊಂದುತ್ತದೆ, ಸುತ್ತಲಿನ ಬಿಳಿ ಕಾಗದ ಮಾತ್ರ ಹೆಚ್ಚುವರಿ. ಕಟರ್ ಇಟ್ಟು ನಾಲ್ಕೂ ಕಡೆ ಕತ್ತರಿಸಿದರು. ಹಾಳೆ ಮುದುರಬಾರದು ಅಂತ ಹಿಂದೆ ಪೂರ್ತಿ ಫೆವಿಕಾಲ್ ಹಚ್ಚಿ ಹಾರ್ಡ್‌ಬೋರ್ಡ್‌ಗೆ ಅಂಟಿಸಿದರು. ಹೊಳೆಯುವ ಗಾಜು ಹಾಕಿ ಕೊಟ್ಟರು.

ಹೀಗೆ 3/10 ಹೋಯಿತು. ಶೀರ್ಷಿಕೆ ಹೋಯಿತು. ಸಹಿ ಹೋಯಿತು.

ಅವಧಿ ಮುಗಿದ ದಿನ ಅವರು ಖುಷಿಯಿಂದಲೇ ತಂದುಕೊಟ್ಟರು, ಫ್ರೇಮ್ ಬದಲಿಸಿದ್ದನ್ನು ಮುಚ್ಚಿಡಲೂ ಇಲ್ಲ. ‘ನಿಮ್ಮ ಹಳೇದಕ್ಕಿಂತ ಗಟ್ಟಿ ಇದೆ ನೋಡಿ’ ಅಂದರು. ಕೋಣೆಯಲ್ಲಿದ್ದವರು ಥ್ಯಾಂಕ್ಸ್ ಹೇಳಿ ಠೇವಣಿ ವಾಪಸ್ ಕೊಟ್ಟರು. ಸಹಿ ಇಲ್ಲದ್ದು ಕಣ್ಣಿಗೆ ಬಿದ್ದದ್ದು ಮುಂದಿನ ಭಾನುವಾರ, ಕಲಾವಿದೆ ಇನ್ನೊಂದು ವರ್ಕ್ ಕೊಡಲು ಬಂದಾಗ. ಅವರು ಫ್ರೇಮ್ ತಿರುಗಿಸಿ ಹಿಂದಿನ ಹಾರ್ಡ್‌ಬೋರ್ಡ್ ನೋಡಿದರು, ಮತ್ತೆ ಮುಂದೆ ನೋಡಿದರು. ‘ಇದು ನಂದಲ್ಲ’ ಅಂದರು.

ಜಗಳ

ಮುಂದಿನ ಸಭೆ ಚೆನ್ನಾಗಿ ನಡೆಯಲಿಲ್ಲ. ಒಬ್ಬ ಸದಸ್ಯರು, ಕೆಟ್ಟ ಮನಸ್ಸಿನಿಂದಲ್ಲ, ಕೇಳಿದರು: ‘ಪ್ರಿಂಟ್ ತಾನೇ? ಇನ್ನೊಂದು ತೆಗೆದರೆ ಆಯ್ತಲ್ಲ.’ ಕಲಾವಿದೆ ಎದ್ದು ಹೊರಟೇಬಿಟ್ಟರು. ಅವರನ್ನು ಗೇಟಿನ ಹತ್ತಿರ ತಡೆದು ಕರೆತರಬೇಕಾಯಿತು.

ಅವರ ಸಿಟ್ಟಿಗೆ ಕಾರಣ ಇತ್ತು. ಬ್ಲಾಕ್ ರದ್ದಾಗಿದೆ. ರದ್ದಾಗದಿದ್ದರೂ ಮತ್ತೊಂದು ತೆಗೆದು 3/10 ಅಂತ ಬರೆಯುವ ಹಾಗಿಲ್ಲ, ಬರೆದರೆ ಉಳಿದ ಒಂಬತ್ತು ಪ್ರತಿ ಕೊಂಡವರಿಗೆ, ಕೊಳ್ಳುವವರಿಗೆ ಮಾಡುವ ಮೋಸ. ಹತ್ತೇ ಇವೆ ಅನ್ನುವ ಮಾತಿನ ಮೇಲೆ ತಾನೇ ಆ ಬೆಲೆ ನಿಂತಿರುವುದು? ಅಂಚಿಲ್ಲದ, ನಂಬರಿಲ್ಲದ, ಹಾರ್ಡ್‌ಬೋರ್ಡ್‌ಗೆ ಅಂಟಿದ ಹಾಳೆಯನ್ನು ಎಡಿಷನ್ನಿನ ಪ್ರತಿ ಅಂತ ಮಾರುವ ಹಾಗೂ ಇಲ್ಲ. ಬಿಡಿಸೋಣ ಅಂದರೆ ಫೆವಿಕಾಲ್ ಒಣಗಿದ ಮೇಲೆ ಕಾಗದ ಹರಿಯದೆ ಬರುವುದು ಕಷ್ಟ. ಕಾಗದದ ಕೃತಿ ನೋಡಿಕೊಳ್ಳುವವರು ಗೋಧಿ ಗಂಜಿಯ ಅಂಟನ್ನೇ ಬಳಸುವುದು ಇದಕ್ಕೆ, ನೀರು ತಾಗಿಸಿದರೆ ಬಿಟ್ಟುಕೊಳ್ಳುತ್ತದೆ, ಅದೂ ಮೇಲಂಚಿನಲ್ಲಿ ಎರಡು ಚಿಕ್ಕ ಪಟ್ಟಿಗೆ ಮಾತ್ರ ಹಚ್ಚುತ್ತಾರೆ. ಮೇಲಾಗಿ ಹಾರ್ಡ್‌ಬೋರ್ಡ್‌ನಲ್ಲಿ ಆಮ್ಲ ಇರುತ್ತದೆ, ವರ್ಷಗಳು ಕಳೆದಂತೆ ತಾಗಿದ ಕಾಗದ ಹಳದಿಯಾಗಿ ಮುರುಕಲಾಗುತ್ತದೆ.

ಇನ್ನು ದುಡ್ಡಿನ ಮಾತು. ನಮ್ಮ ಫಾರಂನಲ್ಲಿ ‘ಬೆಲೆ’ ಅನ್ನುವ ಕಾಲಂ ಇತ್ತು. ಅರ್ಧಕ್ಕರ್ಧ ಕಲಾವಿದರು ಅದನ್ನು ಖಾಲಿ ಬಿಟ್ಟಿದ್ದರು, ಕೆಲವರು ‘ಆಮೇಲೆ ಹೇಳುತ್ತೇನೆ’ ಅಂತ ಬರೆದಿದ್ದರು. ಇವರೂ ಖಾಲಿ ಬಿಟ್ಟವರೇ. ಸಂಕೋಚ. ತಮ್ಮ ವರ್ಕಿಗೆ ತಾವೇ ಬೆಲೆ ಬರೆದರೆ ಜನ ಏನಂದುಕೊಳ್ಳುತ್ತಾರೋ ಅಂತ. ಈಗ ಅವರು 6,000 ರೂಪಾಯಿ ಅಂದಾಗ ‘ಹಾಳಾದ ಮೇಲೆ ಹೇಳಿದ ಬೆಲೆ’ ಅಂತ ಒಬ್ಬರ ಬಾಯಿಂದ ಬಂತು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ಅತ್ಯಂತ ಕೆಟ್ಟ ಮಾತು ಅದೇ. ಅಂಚು ಕತ್ತರಿಸಿದ್ದು ಗೊತ್ತಿಲ್ಲದೆ ಆದದ್ದು, ಇದು ಹಾಗಲ್ಲ. ಅದೇ ಎಡಿಷನ್ನಿನ ಇನ್ನೊಂದು ಪ್ರತಿಯನ್ನು ಅದೇ ಬೆಲೆಗೆ ಮಾರಿದ ರಸೀದಿ ಅವರ ಹತ್ತಿರ ಇತ್ತು ಅನ್ನುವುದು ಬೇರೆ ಮಾತು. ಇಲ್ಲದಿದ್ದರೆ ಏನು ಮಾಡುತ್ತಿದ್ದರು?

ಕಾನೂನು ಏನನ್ನುತ್ತದೆ

ಸದಸ್ಯರಲ್ಲಿ ಒಬ್ಬ ವಕೀಲರಿದ್ದಾರೆ. ಕೋರ್ಟಿಗೆ ಹೋಗುವ ಯೋಚನೆ ಯಾರಿಗೂ ಇರಲಿಲ್ಲ, ಆದರೂ ಯಾರು ಯಾರಿಗೆ ಜವಾಬ್ದಾರಿ ಅನ್ನುವುದಾದರೂ ತಿಳಿಯಲಿ ಅಂತ ಅವರನ್ನು ಕೂರಿಸಿದೆವು.

ಅವರು ಮೊದಲು ಹೇಳಿದ್ದು: ಕಲಾವಿದೆ ಆ ನಿವೃತ್ತರಿಗೆ ಚಿತ್ರ ಕೊಟ್ಟಿಲ್ಲ, ನಿಮಗೆ ಕೊಟ್ಟಿದ್ದಾರೆ. ಹಾಗಾಗಿ ಅವರು ಕೇಳಬೇಕಾದದ್ದು ನಿಮ್ಮನ್ನು. ನೀವು ಯಾರನ್ನು ಕೇಳುತ್ತೀರೋ ಅದು ಆಮೇಲಿನ ಮಾತು. ಅಲ್ಲಿಯವರೆಗೆ ನಮ್ಮಲ್ಲಿ ಕೆಲವರು ‘ಅವರಿಬ್ಬರೂ ಕೂತು ಮಾತಾಡಿಕೊಳ್ಳಲಿ’ ಅನ್ನುತ್ತಿದ್ದರು. ಆ ಬಾಗಿಲು ಮುಚ್ಚಿತು.

ಎರಡನೆಯದು 1872ರ ಕರಾರು ಕಾಯ್ದೆ. ಒಂದು ಉದ್ದೇಶಕ್ಕೆ ವಸ್ತು ಕೊಟ್ಟು, ಮುಗಿದ ಮೇಲೆ ವಾಪಸ್ ಪಡೆಯುವ ವ್ಯವಹಾರಕ್ಕೆ ಅದರಲ್ಲಿ ಬೈಲ್‌ಮೆಂಟ್ ಅನ್ನುತ್ತಾರೆ, ಸೆಕ್ಷನ್ 148ರಿಂದ ಶುರು. ವಸ್ತು ಪಡೆದವರು ಎಷ್ಟು ಜಾಗ್ರತೆ ವಹಿಸಬೇಕು ಅನ್ನುವುದು ಸೆಕ್ಷನ್ 151ರಲ್ಲಿದೆ. ಸಾಮಾನ್ಯ ವಿವೇಕ ಇರುವ ಮನುಷ್ಯ ಅಂಥದೇ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು.

ಇದನ್ನು ಓದಿದಾಗ ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಆ ನಿವೃತ್ತರು ಮಾಡಿದ್ದು ಅಕ್ಷರಶಃ ಅದನ್ನೇ ಅಲ್ವಾ? ಗಾಜು ಒಡೆದ ಫೋಟೋವನ್ನು ನಾವೆಲ್ಲ ಏನು ಮಾಡುತ್ತೇವೆ? ಫ್ರೇಮ್ ಅಂಗಡಿಗೆ ಒಯ್ಯುತ್ತೇವೆ. ಅಪ್ಪ ಅಮ್ಮನ ಮದುವೆ ಫೋಟೋವನ್ನೂ ಹೀಗೇ ಕತ್ತರಿಸಿ ಅಂಟಿಸಿದ್ದಾರೆ, ಹೆಚ್ಚೆಂದರೆ ಲ್ಯಾಮಿನೇಷನ್ ಮಾಡಿಸಿದ್ದಾರೆ. ಸ್ವಂತದ್ದಕ್ಕಿಂತ ಹೆಚ್ಚೇ ಖರ್ಚು ಮಾಡಿದ್ದಾರೆ ಈ ಮನುಷ್ಯ. ಅಂಗಡಿಯವರದೂ ತಪ್ಪು ಅನ್ನಲಾಗುವುದಿಲ್ಲ, ದಿನಕ್ಕೆ ಎಷ್ಟೋ ದೇವರ ಪಟಗಳಿಗೆ, ಶಾಲೆಯ ಗ್ರೂಪ್ ಫೋಟೋಗಳಿಗೆ ಅವರು ಮಾಡುವ ಕೆಲಸ ಇದೇ, ಗಿರಾಕಿಗಳು ಅದಕ್ಕೇ ದುಡ್ಡು ಕೊಡುವುದು.

ವಕೀಲರು ಇನ್ನೊಂದು ಎಳೆಯನ್ನೂ ತೋರಿಸಿದರು. ಷರತ್ತಿಗೆ ವಿರುದ್ಧವಾಗಿ ವಸ್ತುವನ್ನು ಬಳಸಿ ಹಾನಿಯಾದರೆ ಪಡೆದವರೇ ತುಂಬಿಕೊಡಬೇಕು ಅನ್ನುತ್ತದೆ ಸೆಕ್ಷನ್ 154. ಸರಿ, ಷರತ್ತು ಏನಿತ್ತು? ಫಾರಂ ತೆಗೆದು ನೋಡಿದೆವು. ‘ಚಿತ್ರವನ್ನು ಜೋಪಾನವಾಗಿ ನೋಡಿಕೊಳ್ಳತಕ್ಕದ್ದು.’ ಇಷ್ಟೇ. ಫ್ರೇಮ್ ಬಿಚ್ಚಬಾರದು ಅಂತ ಎಲ್ಲೂ ಇಲ್ಲ.

ಇನ್ನು ಕಲಾವಿದರ ಹಕ್ಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 57 ಪ್ರಕಾರ, ಕೃತಿಯ ಹಕ್ಕನ್ನು ಮಾರಿದ ಮೇಲೂ ಅದು ತನ್ನದು ಅಂತ ಹೇಳಿಕೊಳ್ಳುವ ಹಕ್ಕು, ತನ್ನ ಗೌರವಕ್ಕೆ ಕುಂದು ಬರುವ ಹಾಗೆ ಅದನ್ನು ವಿರೂಪ ಮಾಡಿದರೆ ಪ್ರಶ್ನಿಸುವ ಹಕ್ಕು ಕಲಾವಿದರಿಗೆ ಉಳಿದೇ ಇರುತ್ತದೆ. ಶಿಲ್ಪಿ ಅಮರ್‌ನಾಥ್ ಸೆಹಗಲ್ ಅವರ ಪ್ರಕರಣ ಇದಕ್ಕೆ ದೊಡ್ಡ ಉದಾಹರಣೆ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅವರ ಕಂಚಿನ ಭಿತ್ತಿಶಿಲ್ಪವನ್ನು ಸರ್ಕಾರ 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿತು, ಭಾಗಗಳು ಹಾಳಾದವು, ಕಳೆದವು. ಕೇಸು ನಡೆದೂ ನಡೆದೂ 2005ರಲ್ಲಿ ದೆಹಲಿ ಹೈಕೋರ್ಟ್ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು, ಉಳಿದ ಭಾಗಗಳನ್ನು ಅವರಿಗೇ ಒಪ್ಪಿಸಿತು. ಕೊಂಡವರು ಸರ್ಕಾರವೇ ಆದರೂ ಹೀಗೆ ಮಾಡುವ ಹಾಗಿಲ್ಲ ಅಂದಾಯಿತು. ನಮ್ಮ ಕಲಾವಿದೆಗೆ ಇದನ್ನು ಕೇಳಿ ಸಮಾಧಾನವಾದ ಹಾಗೆ ಕಂಡಿತು. ‘ಕೇಸು ಬೇಡ, ನನ್ನ ಹೆಸರು ಹೋಗಿದೆ ಅಂತ ನೀವು ಒಪ್ಪಿಕೊಂಡರೆ ಸಾಕು’ ಅಂದರು. ಹೆಸರಿನ ಮಾತು ಆವರೆಗೆ ಯಾರೂ ಎತ್ತಿರಲಿಲ್ಲ, ಎಲ್ಲರೂ 6,000ದ ಸುತ್ತಲೇ ಗಿರಕಿ ಹೊಡೆಯುತ್ತಿದ್ದೆವು.

ತೀರ್ಮಾನ ಆದದ್ದು

ನಿವೃತ್ತರನ್ನು ಸಭೆಗೆ ಕರೆದು ಎಲ್ಲರ ಮುಂದೆ ಕೇಳುವುದು ಬೇಡ ಅಂತಾಯಿತು. ಕಲಾವಿದೆಯೇ ಬೇಡ ಅಂದರು. ನಮ್ಮಲ್ಲಿಬ್ಬರು ಅವರ ಮನೆಗೆ ಹೋಗಿ, ಇನ್ನೊಂದು ಲಿನೊಕಟ್ ಜೊತೆಗೆ ಒಯ್ದು, ಅಂಚು ಎಲ್ಲಿರುತ್ತದೆ, ಅದರಲ್ಲಿ ಏನು ಬರೆದಿರುತ್ತದೆ ಅಂತ ತೋರಿಸಿದರು. ಅವರ ಮುಖ ಇಳಿದುಹೋಯಿತಂತೆ. ಅಂದೇ ಫ್ರೇಮ್ ಅಂಗಡಿಗೆ ಹೋಗಿ ಕತ್ತರಿಸಿದ ತುಂಡುಗಳನ್ನು ಕೇಳಿದರು. ಕೆಳಗಿನ ಪಟ್ಟಿ ಸಿಕ್ಕಿತು! ಅದರ ಹಿಂದೆ ಅಂಗಡಿಯ ಹುಡುಗ ಬೇರೆ ಯಾರದೋ ಫ್ರೇಮಿನ ಅಳತೆ ಗೀಚಿಕೊಂಡಿದ್ದ.

ಪಟ್ಟಿಯನ್ನು ಕಲಾವಿದೆಗೆ ಕೊಟ್ಟೆವು. ಅದನ್ನು ಚಿತ್ರಕ್ಕೆ ಜೋಡಿಸಿ ಸರಿಮಾಡೋಣ ಅಂತ ಯಾರೋ ಅಂದದ್ದಕ್ಕೆ ಅವರು ಒಪ್ಪಲಿಲ್ಲ. ತಮ್ಮ ಎಡಿಷನ್ ಪುಸ್ತಕದಲ್ಲಿ ಮೂರನೆಯ ಪ್ರತಿಯ ಎದುರು ‘ಹಾಳಾಗಿದೆ’ ಅಂತ ಬರೆದು, ಆ ಪಟ್ಟಿಯನ್ನು ಅಲ್ಲೇ ಅಂಟಿಸಿಕೊಂಡರು. ಗೋಧಿ ಅಂಟಿನಿಂದಲೇ ಇರಬೇಕು, ಕೇಳಲಿಲ್ಲ.

ಹಣ: 6,000ದಲ್ಲಿ ಅರ್ಧ ಲೈಬ್ರರಿಯ ಖಾತೆಯಿಂದ, ಎರಡು ಕಂತಿನಲ್ಲಿ. ಇನ್ನರ್ಧ ನಿವೃತ್ತರೇ ಕೊಟ್ಟರು, ನಾವು ಕೇಳುವ ಮೊದಲೇ. ಪೂರ್ತಿ ಅವರಿಂದಲೇ ಯಾಕೆ ವಸೂಲಿ ಮಾಡಲಿಲ್ಲ ಅಂತ ಈಗಲೂ ಕೇಳುವವರಿದ್ದಾರೆ. ಹೇಳದೇ ಇದ್ದ ನಿಯಮ ಮುರಿದರು ಅಂತ ಪೂರ್ತಿ ದಂಡ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಹಾಗಂತ ‘ಒಳ್ಳೇ ಮನಸ್ಸಿನಿಂದ ಮಾಡಿದ್ದು, ಬಿಟ್ಟುಬಿಡಿ’ ಅಂದರೆ ಆ ಒಳ್ಳೇ ಮನಸ್ಸಿನ ಖರ್ಚನ್ನೆಲ್ಲ ಕಲಾವಿದೆ ಒಬ್ಬರೇ ಹೊತ್ತ ಹಾಗಾಗುತ್ತದೆ. ಊರಿನ ಕಲಾವಿದರು ಎಷ್ಟೋ ಕಾಲದಿಂದ ಹೊತ್ತುಕೊಂಡೇ ಬಂದಿದ್ದಾರೆ. ‘ನಿಮ್ಮ ಹೆಸರು ಬರುತ್ತೆ’ ಅಂತ ಹೇಳಿ ಗೋಡೆ ಚಿತ್ರ ಬಿಟ್ಟಿ ಬರೆಸಿಕೊಂಡವರು ಕಡಿಮೆಯಾ?

ಕತ್ತರಿಸಿದ ಚಿತ್ರವನ್ನು ತಾವೇ ಇಟ್ಟುಕೊಳ್ಳಬಹುದಾ ಅಂತ ನಿವೃತ್ತರು ಕೇಳಿದರು. ಇಲ್ಲಿ ಅಭಿಪ್ರಾಯ ಎರಡಾಯಿತು. ಅರ್ಧ ದುಡ್ಡು ಕೊಟ್ಟಿದ್ದಾರೆ, ಪ್ರೀತಿಯೂ ಇದೆ, ಕೊಡಿ ಅಂತ ನಾನಂದೆ. ಕಲಾವಿದೆ ಕೊಡಲಿಲ್ಲ. ತಮ್ಮ ಹೆಸರಿಲ್ಲದ ತಮ್ಮ ವರ್ಕ್ ಯಾರದೋ ಗೋಡೆಯ ಮೇಲೆ ಇರುವುದು, ನಾಳೆ ಅವರ ಮಕ್ಕಳ ಕೈಗೆ, ಅಲ್ಲಿಂದ ಇನ್ನೆಲ್ಲಿಗೋ ಹೋಗುವುದು ಬೇಡ ಅಂದರು. ಯೋಚಿಸಿದರೆ ಅವರ ಮಾತೇ ಸರಿ. ಅದನ್ನು ಮನೆಗೆ ಒಯ್ದು ಹರಿದು ಹಾಕಿದರಂತೆ. ನಿವೃತ್ತರು ಆಮೇಲೆ ಅದೇ ಎಡಿಷನ್ನಿನ ಇನ್ನೊಂದು ಪ್ರತಿಯನ್ನು ಕೊಳ್ಳುವ ಮಾತಾಡಿದರು. ಇನ್ನೂ ಕೊಂಡಿಲ್ಲ.

ಬದಲಾದದ್ದು

ಹೆಚ್ಚು ಬದಲಾದದ್ದು ಚಿತ್ರದ ಹಿಂಬದಿ. ಫಾರಂ ಯಾರೂ ಓದುವುದಿಲ್ಲ, ಸಹಿ ಹಾಕಿ ಕೊಟ್ಟುಬಿಡುತ್ತಾರೆ. ಆದರೆ ಫ್ರೇಮ್ ಬಿಚ್ಚುವವರು ಹಿಂಬದಿಯನ್ನು ನೋಡಲೇಬೇಕು. ಈಗ ಪ್ರತಿ ಚಿತ್ರದ ಹಿಂದೆ ದಪ್ಪ ಅಕ್ಷರದಲ್ಲಿ ಒಂದು ಚೀಟಿ ಇದೆ: ಬಿಚ್ಚಬೇಡಿ, ಕತ್ತರಿಸಬೇಡಿ, ಅಂಟಿಸಬೇಡಿ, ಏನೇ ಆದರೂ ಮೊದಲು ಫೋನ್ ಮಾಡಿ, ಒಡೆದರೆ ಬೈಯುವುದಿಲ್ಲ. ಆ ಕೊನೆಯ ಮಾತು ಸೇರಿಸಲು ಒಬ್ಬರಿಗೆ ಇಷ್ಟವಿರಲಿಲ್ಲ, ಸಲಿಗೆ ಜಾಸ್ತಿಯಾಗುತ್ತದೆ ಅಂದರು. ನನ್ನ ಪ್ರಕಾರ ಚೀಟಿಯಲ್ಲಿ ಅದೇ ಮುಖ್ಯ. ಈ ಪ್ರಕರಣದಲ್ಲಿ ಚಿತ್ರ ಹಾಳಾದದ್ದು ನಾಚಿಕೆಯಿಂದ. ಗಾಜು ಒಡೆದ ದಿನವೇ ಫೋನ್ ಬಂದಿದ್ದರೆ ಖರ್ಚು ಒಂದು ಗಾಜಿನದ್ದು ಮಾತ್ರ.

ಗಾಜನ್ನೂ ಬಿಟ್ಟೆವು. ಮನೆಯಿಂದ ಮನೆಗೆ ಸ್ಕೂಟರ್ ಮೇಲೆ ಹೋಗುವ ಚಿತ್ರಕ್ಕೆ ಗಾಜಿನ ಹಾಗೆ ಕಾಣುವ ಪ್ಲಾಸ್ಟಿಕ್, ಅಂದರೆ ಅಕ್ರಿಲಿಕ್ ಹಾಳೆ ವಾಸಿ, ಹಗುರ, ಬಿದ್ದರೂ ಚೂರಾಗುವುದಿಲ್ಲ. ಇದ್ದಿಲು ಅಥವಾ ಪೇಸ್ಟಲ್ ಚಿತ್ರಗಳಿಗೆ ಮಾತ್ರ ಗಾಜೇ ಬೇಕು, ಅಕ್ರಿಲಿಕ್‌ನ ಸ್ಥಾಯೀ ವಿದ್ಯುತ್ತಿಗೆ ಪುಡಿ ಎದ್ದು ಬಂದು ಅಂಟಿಕೊಳ್ಳುತ್ತದೆ. ಅಂಥವನ್ನು ಕೋಣೆಯಲ್ಲೇ ನೋಡಿ ಅನ್ನುತ್ತೇವೆ. ಒಯ್ಯಲು ಹತ್ತಿ ಬಟ್ಟೆಯ ಚೀಲ ಹೊಲಿಸಿದ್ದೇವೆ, ಹತ್ತಿ ಮಿಲ್ಲುಗಳಿದ್ದ ಊರಿನಲ್ಲಿ ಅಷ್ಟಾದರೂ ಬೇಡವಾ. ಬಬಲ್ ಪ್ಲಾಸ್ಟಿಕ್ ಸುತ್ತುವವರಿಗೆ ಒಂದು ಮಾತು: ಗುಳ್ಳೆಗಳು ನೇರ ಪೇಂಟಿಂಗ್ ಮೇಲೆ ಕೂರಬಾರದು. ಏಪ್ರಿಲ್ ಬಿಸಿಲಿಗೆ ಅಕ್ರಿಲಿಕ್ ಬಣ್ಣ ಮೆತ್ತಗಾಗಿ ಗುಳ್ಳೆಯ ಗುರುತು ಅಚ್ಚೊತ್ತುತ್ತದೆ. ಮೊದಲು ಬಟರ್ ಪೇಪರ್, ಆಮೇಲೆ ಪ್ಲಾಸ್ಟಿಕ್. ದೇವರ ಕೋಣೆ, ಒಗ್ಗರಣೆಯ ಹೊಗೆ, ಮಳೆಗಾಲದಲ್ಲಿ ತೇವ ಹೀರುವ ಗೋಡೆ, ಈ ಮೂರರಿಂದ ದೂರ ಅನ್ನುವುದನ್ನು ಬಾಯಲ್ಲೇ ಹೇಳುತ್ತೇವೆ.

ವಿಮೆ ಮಾಡಿಸಬಹುದಿತ್ತು. ದೊಡ್ಡ ಮ್ಯೂಸಿಯಂಗಳು ಚಿತ್ರ ಒಂದು ಗೋಡೆಯ ಮೊಳೆಯಿಂದ ಇಳಿದು ಇನ್ನೊಂದು ಗೋಡೆಯ ಮೊಳೆಗೆ ಏರಿ ವಾಪಸ್ ಬರುವವರೆಗೂ ವಿಮೆ ಮಾಡಿಸುತ್ತವೆ. ನಮ್ಮ ಖಾತೆಯಲ್ಲಿರುವ ದುಡ್ಡಿಗೆ ಆ ಮಾತೇ ಬೇಡ. ಸದಸ್ಯತ್ವದ ಹಣದಲ್ಲಿ ಒಂದು ಪಾಲನ್ನು ರಿಪೇರಿಗೆ ಅಂತ ಬೇರೆ ಇಡುತ್ತಿದ್ದೇವೆ, ಅಷ್ಟೇ. ಪೇಟೆಯ ಅದೇ ಫ್ರೇಮ್ ಅಂಗಡಿಯವರಿಗೆ ನಮ್ಮ ಕೆಲಸವನ್ನೆಲ್ಲ ಕೊಡುತ್ತಿದ್ದೇವೆ. ಮೌಂಟ್ (ಚಿತ್ರದ ಸುತ್ತ ಚೌಕಟ್ಟಿನ ಹಾಗೆ ಕೂರುವ ದಪ್ಪ ಬೋರ್ಡ್) ಕಟ್ ಮಾಡುವುದು, ಹಿಂದೆ ಪಟ್ಟಿಯಿಂದ ನೇತುಹಾಕುವುದನ್ನು ಕಲಾವಿದೆಯೇ ಹೋಗಿ ತೋರಿಸಿಕೊಟ್ಟರು. ಅದಕ್ಕೆ ಬೇಕಾದ ಆಮ್ಲವಿಲ್ಲದ ಬೋರ್ಡ್ ಇಲ್ಲಿ ಸಿಗುವುದಿಲ್ಲ, ಬೆಂಗಳೂರಿಗೆ ಹೋದವರು ತರಬೇಕು.

ಇಬ್ಬರು ಕಲಾವಿದರು ಈ ಗಲಾಟೆಯ ನಂತರ ತಮ್ಮ ವರ್ಕ್‌ಗಳನ್ನು ವಾಪಸ್ ಒಯ್ದರು. ಅವರ ಹಕ್ಕು ಅದು. ದುಡ್ಡಿಲ್ಲದೆ ಎರವಲು ಕೊಟ್ಟ ವಸ್ತುವನ್ನು ಅವಧಿಗೆ ಮುಂಚೆಯೂ ಕೇಳಿ ಪಡೆಯಬಹುದು ಅಂತ ಕರಾರು ಕಾಯ್ದೆಯ ಸೆಕ್ಷನ್ 159 ಹೇಳುತ್ತದೆ. ಲಿನೊಕಟ್ ಕಲಾವಿದೆ ಉಳಿದುಕೊಂಡಿದ್ದಾರೆ, ಚಿತ್ರದುರ್ಗದ ಕೋಟೆಯ ಬಂಡೆಗಳ ಒಂದು ಪ್ರಿಂಟ್ ಈಗ ಅವರ ಲೆಕ್ಕದಲ್ಲಿ ಹೊರಗಿದೆ.

ಬೆಲೆ ಕಾಲಂ ಖಾಲಿ ಇದ್ದರೆ ಚಿತ್ರವನ್ನು ತೆಗೆದುಕೊಳ್ಳುವುದಿಲ್ಲ ಅಂತ ನಿಯಮ ಮಾಡಿದೆವು. ಇದರಿಂದ ಹೊಸ ಜಗಳ ಶುರುವಾಗಿದೆ. ಇಲ್ಲಿವರೆಗೆ ಒಂದೂ ಚಿತ್ರ ಮಾರದ ಹುಡುಗನೊಬ್ಬ, ಈಗಷ್ಟೇ ಕಾಲೇಜು ಮುಗಿಸಿದವನು, ತನ್ನ ಕ್ಯಾನ್ವಾಸ್‌ಗೆ 80,000 ಅಂತ ಬರೆದ. ಹಾಳಾದರೆ ನಾವು ಎಲ್ಲಿಂದ ತರುವುದು? ಕಡಿಮೆ ಮಾಡು ಅನ್ನಲು ನಾವು ಯಾರು? ಬಣ್ಣ, ಕ್ಯಾನ್ವಾಸ್, ದುಡಿದ ದಿನಗಳ ಲೆಕ್ಕ ಹಾಕಿ ಬರೆಯಲಿ ಅಂತ ಕೆಲವರು, ಲೈಬ್ರರಿ ತುಂಬಿಕೊಡುವ ಮೊತ್ತಕ್ಕೆ ಒಂದು ಮಿತಿ ಇಟ್ಟು ಅದನ್ನು ಮೊದಲೇ ಹೇಳಿಬಿಡೋಣ ಅಂತ ಇನ್ನು ಕೆಲವರು. ನಾನು ಎರಡನೆಯವರ ಕಡೆ. ಕಳೆದ ಸಭೆಯಲ್ಲಿ ಇದು ಇತ್ಯರ್ಥವಾಗಲಿಲ್ಲ, ಆ ಕ್ಯಾನ್ವಾಸ್ ಅನ್ನು ಸದ್ಯಕ್ಕೆ ಯಾರಿಗೂ ಕೊಟ್ಟಿಲ್ಲ.